ಎರಡೂ ಎಡಗೈ

ಮಾಂಟ್ರಿಯಲ್, 14 ಜನವರಿ 1991

ಮಾನ್ಯ ಫ್ಲೊರಿಯಾನ್ ದೆಶೆನ್ ಅವರಿಗೆ,

ನಮಸ್ಕಾರ. ನಾನು ಜೊಸಿಯಾನ್ ಲವಾಲೆ, ಹಾಡುವವಳು. ನಿಮ್ಮ ದ್ವೀಪದಲ್ಲಿ ಟೀವಿ ಇದ್ದರೆ ನನ್ನ ಮುಖ ನೋಡಿರುತ್ತೀರಿ. ನಿಮ್ಮ ಮನೆಯಲ್ಲಿ ಫೋನಿಲ್ಲ, ಹಾಕಿಸುವ ಇರಾದೆಯೂ ಇಲ್ಲ ಎಂದು ನನ್ನ ಮ್ಯಾನೇಜರ್ ಹೇಳಿದರು. ಹಾಗಾಗಿ ಶಾಲೆ ಬಿಟ್ಟ ಮೇಲೆ ಮೊದಲ ಸಲ ಕಾಗದ ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳು, ಸ್ಟುಡಿಯೋದ ಪಿಯಾನೋ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.

ನಿಮ್ಮ ಹಾಡುಗಳ ಆಲ್ಬಂಗೆ ನೀವು ಒಪ್ಪಿದ್ದು ನನ್ನ ಪುಣ್ಯ. ಆದರೆ ನಾನು ಕೇಳಿದ್ದು ಹನ್ನೆರಡು ಹಾಡು, ನಿಮ್ಮ ಪಟ್ಟಿಯಲ್ಲಿರುವುದು ಹನ್ನೊಂದು. ‘ಇನ್ನೊಂದು ಕೈ’ ಅದರಲ್ಲಿಲ್ಲ. ಮರೆತಿರಾ? ಈ ಕ್ವಿಬೆಕ್ಕಿನಲ್ಲಿ ಆ ಹಾಡು ಬಾರದ ಮನುಷ್ಯನಿಲ್ಲ. ಹೆಣ ಹೂಳುವಾಗ ಹಾಡುತ್ತಾರೆ, ಮದುವೆಯ ಊಟ ಮುಗಿದು ಗಂಡಸರಿಗೆ ಅಮಲೇರಿದಾಗಲೂ ಹಾಡುತ್ತಾರೆ. ದೆಶೆನ್ ಹಾಡುಗಳ ಆಲ್ಬಂನಲ್ಲಿ ಅದಿಲ್ಲದಿದ್ದರೆ ಜನ ನನ್ನನ್ನೇ ಬೈಯುತ್ತಾರೆ.

ಬೈಯುವುದಕ್ಕೆ ಕಾಯುತ್ತಲೂ ಇದ್ದಾರೆ. ಹೋದ ವರ್ಷ ನಾನು ನಮ್ಮ ಫ್ರೆಂಚ್ ಬಿಟ್ಟು ಇಂಗ್ಲಿಷಿನಲ್ಲಿ ಒಂದು ಆಲ್ಬಂ ಮಾಡಿದೆ. ಮೊನ್ನೆ ಟ್ಯಾಕ್ಸಿ ಹತ್ತಿದರೆ ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಏನಮ್ಮಾ, ಇನ್ಮೇಲೆ ನಿನ್ ಜೊತೆ ಮಾತಾಡೋಕೆ ದುಭಾಷಿ ಕರ್ಕೊಂಡ್ ಬರ್ಬೇಕಾ?” ಅಂದ. ನಗುತ್ತಲೇ ಅಂದ. ನಾನೂ ನಕ್ಕೆ. ಇಳಿದ ಮೇಲೆ ಬಾಗಿಲನ್ನು ಬೇಕಂತಲೇ ಜೋರಾಗಿ ಹಾಕಿದೆ.

ನನಗೆ ಆ ಹಾಡು ಬೇಕು. ದಯವಿಟ್ಟು ಕೊಡಿ.

ಗೌರವದಿಂದ,
ಜೊಸಿಯಾನ್ ಲವಾಲೆ

*

ಹಾವ್ರ್-ಓಬೇರ್, ಮದ್ಲೇನ್ ದ್ವೀಪಗಳು, 2 ಫೆಬ್ರವರಿ 1991

ಕುಮಾರಿ ಲವಾಲೆ ಅವರಿಗೆ,

ಕಡಲು ಹೆಪ್ಪುಗಟ್ಟಿದೆ, ದೋಣಿ ನಿಂತಿದೆ. ವಿಮಾನ ಮನಸ್ಸು ಬಂದ ದಿನ ಬರುತ್ತದೆ. ನಿಮ್ಮ ಕಾಗದ ನಿನ್ನೆ ಸಿಕ್ಕಿತು.

ಮರೆತಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಆ ಹಾಡು ದಣಿದಿದೆ. ಹಾಡಿ ಹಾಡಿ ಅದರ ಬೆನ್ನು ಬಿದ್ದುಹೋಗಿದೆ. ಮೂವತ್ತೈದು ವರ್ಷ ಗಾಡಿ ಎಳೆದ ಕುದುರೆಯನ್ನು ಇನ್ನಾದರೂ ಕೊಟ್ಟಿಗೆಯಲ್ಲಿ ಮಲಗಲು ಬಿಡಿ.

ಉಳಿದ ಹನ್ನೊಂದರ ಬಗ್ಗೆ ಒಂದು ಮಾತು. ನಿಮ್ಮ ಮ್ಯಾನೇಜರ್ ಕಳಿಸಿದ ಕ್ಯಾಸೆಟ್ಟಿನಲ್ಲಿ ಮೂರನೆಯ ಹಾಡು ಕೇಳಿದೆ. ‘ನದಿ’ ಎಂಬ ಮಾತು ಬರುವ ಮೊದಲೇ ಉಸಿರು ತೆಗೆದುಕೊಂಡು ಬಿಡುತ್ತೀರಿ, ಎಲ್ಲಿಗೋ ಬಸ್ಸು ತಪ್ಪುತ್ತದೆ ಅನ್ನುವ ಹಾಗೆ. ಎಲ್ಲಿಗೆ ಅಷ್ಟು ಅವಸರ?

ಫ್ಲೊರಿಯಾನ್ ದೆಶೆನ್

*

ವಿನಿಪೆಗ್, ಯಾವುದೋ ಹೋಟೆಲು, 19 ಫೆಬ್ರವರಿ 1991

ದೆಶೆನ್ ಅವರೇ,

ಅವಸರ ಎಲ್ಲಿಗೆಂದು ಕೇಳಿದ್ದೀರಿ. ನಿನ್ನೆ ರೆಜಿನಾ, ಇವತ್ತು ವಿನಿಪೆಗ್, ನಾಳೆ ಟೊರಾಂಟೊ. ಮೂರೂ ಊರಲ್ಲಿ ಇಂಗ್ಲಿಷಿನಲ್ಲಿ “ನಿಮ್ಮೂರು ತುಂಬಾ ಇಷ್ಟವಾಯಿತು” ಅನ್ನುತ್ತೇನೆ. ಸೂಟ್‌ಕೇಸು ಬಿಚ್ಚುವುದನ್ನೇ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದಾಗ ಕಿಟಕಿ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುವುದಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನೀವು ಬೇಡವೆಂದ ಮೇಲೂ ‘ಇನ್ನೊಂದು ಕೈ’ ಹಾಡಿ ರೆಕಾರ್ಡ್ ಮಾಡಿದೆ. ಬರೀ ಪಿಯಾನೋ, ನಾನು, ಅಷ್ಟೇ. ಕ್ಯಾಸೆಟ್ ಇದರೊಂದಿಗಿದೆ. ಕೇಳಿ. ಕೇಳಿದ ಮೇಲೂ ಬೇಡವೆಂದರೆ ನನ್ನ ಕೈಯಾರೆ ಅಳಿಸುತ್ತೇನೆ. ಚಿಕ್ಕವಳಿದ್ದಾಗ ಎಲ್ಲರ ಮನೆಯಲ್ಲೂ ಈ ಹಾಡಿತ್ತು, ನಮ್ಮ ಮನೆಯಲ್ಲಿ ಮಾತ್ರ ರೇಡಿಯೋದಲ್ಲಿ ಬಂದರೆ ಅಮ್ಮ ಥಟ್ಟನೆ ಕಿವಿ ತಿರುಪುತ್ತಿದ್ದಳು, ರೇಡಿಯೋದ್ದು. ಹಾಗಾಗಿ ಇದನ್ನು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ಕಲಿತೆ.

ಜೊಸಿಯಾನ್

*

ಹಾವ್ರ್-ಓಬೇರ್, 11 ಮಾರ್ಚ್ 1991

ಜೊಸಿಯಾನ್,

ಕೇಳಿದೆ. ನಾಲ್ಕು ಸಲ ಕೇಳಿದೆ. ಇನ್ನು ಮೇಲೆ ನಿನ್ನನ್ನು ‘ನೀನು’ ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇಷ್ಟು ಚೆನ್ನಾಗಿ ಅಳುವವಳ ಜೊತೆ ಬಹುವಚನ ಯಾಕೆ!

ಇಟ್ಟುಕೋ ಹಾಡನ್ನು. ನಾನು ಸೋತೆ.

ಒಂದೇ ಒಂದು ಪಾಠ. ಪ್ರತಿ ಸಾಲೂ ಎರಡೆರಡು ಸಲ ಬರುತ್ತದಲ್ಲ, ಎರಡನ್ನೂ ಒಂದೇ ತರಹ ಹೇಳಬೇಡ. ಮೊದಲನೆಯದು ಕೇಳುವವನಿಗೆ, ಎರಡನೆಯದು ನಿನಗೆ. ಕೊನೆಯ ಪ್ರಶ್ನೆ ಮಾತ್ರ ಒಂದೇ ಸಲ. ಅದಕ್ಕೆ ಮಾರ್ದನಿ ಇಲ್ಲ. ಆ ಮೌನವೇ ಹಾಡು. ಈ ಮಾತನ್ನು ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರು ನಲವತ್ತು ಪುಟ ಬರೆದು ಸಾಧಿಸಿದ್ದಾರೆ, ನಾನು ಪುಕ್ಕಟೆ ಹೇಳುತ್ತಿದ್ದೇನೆ.

ಹುಟ್ಟಿದ ಕಥೆ ನಿನಗೂ ಗೊತ್ತಿರಬೇಕು, ಶಾಲೆಯ ಪುಸ್ತಕದಲ್ಲೇ ಇದೆ. ಮಾಂಟ್ರಿಯಲ್‌ನ ಟ್ರಾಮಿನಲ್ಲಿ ಒಬ್ಬಳು ಒಂದು ಕೈಗವಸು ಸೀಟಿನ ಮೇಲೆ ಬಿಟ್ಟು ಇಳಿದುಹೋದಳು. ನಾನದನ್ನು ಹಿಡಿದು ಕೊನೆಯ ನಿಲ್ದಾಣದವರೆಗೆ ಕೂತೇ ಇದ್ದೆ. ಅಷ್ಟೇ ಕಥೆ.

ಸೀಲ್‌ಗಳು ಮರಿ ಹಾಕಲು ಮಂಜುಗಡ್ಡೆ ಏರಿವೆ. ಇಡೀ ದಿನ ಅವುಗಳ ಗಲಾಟೆ. ನೀನು ಬಂದರೆ ತೋರಿಸುತ್ತೇನೆ.

ಫ್ಲೊರಿಯಾನ್

*

ಶಾವಿನಿಗನ್, 2 ಏಪ್ರಿಲ್ 1991

ಪ್ರೀತಿಯ ಫ್ಲೊರಿಯಾನ್ ಅವರೇ,

ಅಮ್ಮನ ಮನೆಯಿಂದ ಬರೆಯುತ್ತಿದ್ದೇನೆ. ಈಸ್ಟರ್‌ಗೆ ಎಂಟೂ ಮಕ್ಕಳು ಸೇರಿದ್ದೆವು. ನಾನು ಕೊನೆಯವಳು. ಮೇಪಲ್ ಪಾಕ ಸುರಿದ ಹಂದಿತೊಡೆ ಒಲೆಯೊಳಗಿತ್ತು, ಮೊಮ್ಮಕ್ಕಳು ಮೇಜಿನಡಿ ಇದ್ದರು. ಅಣ್ಣಂದಿರು ನನ್ನನ್ನು ‘ಮಿಸ್’, ‘ಮಿಸ್’ ಎಂದು ಇಂಗ್ಲಿಷಿನಲ್ಲಿ ಕರೆದು ರೇಗಿಸುತ್ತಿದ್ದರು. ಎಲ್ಲರ ಬಾಯಿ ಮುಚ್ಚಿಸೋಣ ಎಂದು ನಿಮ್ಮ ಹಾಡಿನ ಕ್ಯಾಸೆಟ್ ಹಾಕಿದೆ.

ಅಣ್ಣಂದಿರು ಸುಮ್ಮನಾದರು. ದೊಡ್ಡ ಅತ್ತಿಗೆ ಕಣ್ಣೊರೆಸಿಕೊಂಡರು. ಕೊನೆಯ ಸಾಲು ಬಂತು, ‘ಇನ್ನೊಂದು ಕೈ ಎಲ್ಲಿದೆ?’ ಆಮೇಲೆ ನೀವು ಹೇಳಿದ ಆ ಮೌನ. ಆ ಮೌನದಲ್ಲಿ ಅಮ್ಮ ನಕ್ಕಳು. ಸಣ್ಣ ನಗು ಅಲ್ಲ. ಪಾತ್ರೆ ತೊಳೆಯುವ ತೊಟ್ಟಿ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು.

“ಏನಮ್ಮಾ?” ಅಂದೆ.

“ಏನಿಲ್ಲ ಕಣೇ. ಎಷ್ಟ್ ಅಳ್ತೀಯ ನೀನು! ಯಾರ್ ಸತ್ರು ಅಂತ?”

“ಅದು ದುಃಖದ ಹಾಡಮ್ಮಾ.”

“ಹೌದಾ? ಬರ್ದೋನನ್ನ ಕೇಳು, ಈಗಲಾದ್ರೂ ಬಲಗೈ ಕತ್ತರಿಸೋಕೆ ಬರುತ್ತಾ ಅಂತ.”

ಅಷ್ಟು ಹೇಳಿ ಮಾಂಸ ಸೀದುಹೋಗುತ್ತದೆ ಎಂದು ಒಲೆಯ ಕಡೆ ಹೋದಳು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ನನಗೆ ತುಂಬಾ ನೋವಾಗಿದೆ. ನಾನು ಇಂಗ್ಲಿಷಿಗೆ ಹೋದದ್ದು ಅಮ್ಮನಿಗೆ ಸೇರಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ. ಈಗ ನಮ್ಮ ಭಾಷೆಯಲ್ಲಿ ಹಾಡಿದರೂ ನಾಟಕದ ಹಾಗೆ ಕಾಣುತ್ತಿದೆಯೋ ಏನೋ. ಬಲಗೈ ಕತ್ತರಿಸುವುದು ಅಂದರೆ ಏನು? ಗಾದೆಯೇ? ನಿಮಗೇನಾದರೂ ಗೊತ್ತೇ? ಅಮ್ಮನಿಗೆ ಐವತ್ತೇಳು. ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅಕ್ಕಂದಿರ ಜೊತೆ ಗುಟ್ಟಾಗಿ ಮಾತಾಡಿದೆ.

ಬೇಗ ಬರೆಯಿರಿ.

ನಿಮ್ಮ ಜೊಸಿಯಾನ್

*

ಹಾವ್ರ್-ಓಬೇರ್, 13 ಏಪ್ರಿಲ್ 1991

ಕುಮಾರಿ ಲವಾಲೆ ಅವರಿಗೆ,

ನಿಮ್ಮ ತಾಯಿಯ ತೌರುಮನೆಯ ಹೆಸರೇನು? 1953ರ ಚಳಿಗಾಲದಲ್ಲಿ ಅವರು ಎಲ್ಲಿ ಕೆಲಸ ಮಾಡುತ್ತಿದ್ದರು?

‘ಇನ್ನೊಂದು ಕೈ’ ಹಾಡನ್ನು ಆಲ್ಬಂನಿಂದ ತೆಗೆದುಬಿಡಿ. ಕೊಟ್ಟ ಒಪ್ಪಿಗೆ ವಾಪಸು ಪಡೆದಿದ್ದೇನೆ. ಕಾರಣ ಕೇಳಬೇಡಿ.

ಫ್ಲೊರಿಯಾನ್ ದೆಶೆನ್

*

ಶಾವಿನಿಗನ್, 6 ಮೇ 1991

ದೆಶೆನ್ ಅವರೇ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಿನ್ನೂ ಕಳ್ಳ ಎಂದಿರಲೇ ಇಲ್ಲ.

ನಿಮ್ಮ ಕಾಗದ ಓದಿದವಳೇ ಎರಡು ಕಾರ್ಯಕ್ರಮ ರದ್ದು ಮಾಡಿ ಇಲ್ಲಿಗೆ ಬಂದೆ. ಕಾಗದವನ್ನು ಅಮ್ಮನ ಮುಂದಿಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

“ಬೆಲಾಂಜೆ,” ಅಂದಳು. “ರೊಲಾಂದ್ ಬೆಲಾಂಜೆ. ಬರಿ ಅವ್ನಿಗೆ. ಎರಡನೇ ಸಾಲು, ಕಿಟಕಿ ಪಕ್ಕದ ಮೆಷಿನ್ನು ಅನ್ನು.”

ಆಮೇಲೆ ಹೇಳಿದಳು. ನಿಮಗೆ ಗೊತ್ತಿರುವುದೇ, ಆದರೂ ನನ್ನ ಅಕ್ಷರದಲ್ಲಿ ಓದಿ.

ಇದೇ ಊರಿನ ಜಲಪಾತದ ಪಕ್ಕ ಕೈಗವಸಿನ ಕಾರ್ಖಾನೆ. ಹೆಂಗಸರು ಹೊಲಿಯುವವರು, ಗಂಡಸರು ಚರ್ಮ ಕತ್ತರಿಸುವವರು. ಕೆಲಸದ ಹೊತ್ತಲ್ಲಿ ಮಾತಾಡಿದರೆ ಮೇಸ್ತ್ರಿ ಬೈಯುತ್ತಿದ್ದ, ಹಾಡಿದರೆ ಸುಮ್ಮನಿರುತ್ತಿದ್ದ. ಹಾಗಾಗಿ ಮಾತನ್ನೆಲ್ಲ ಹಾಡಿಕೊಂಡೇ ಆಡುತ್ತಿದ್ದರು.

“ಎಡಗೈ ಹೊಲಿಯೋವಾಗ ನಾನೊಂದ್ ಸಾಲು ಹೇಳೋದು,” ಅಂದಳು ಅಮ್ಮ. “ಬಲಗೈ ಹೊಲಿಯೋವಾಗ ಸಾಲಿನೋರೆಲ್ಲ ಅದನ್ನೇ ವಾಪಸ್ ಹೇಳೋದು. ಎಡ, ಬಲ. ಎಡ, ಬಲ. ಅದಕ್ಕೇ ಎರಡೆರಡು ಸಲ. ಅದೇನೋ ಮಾರ್ದನಿ ಗೀರ್ದನಿ ಅಂತಾರಲ್ಲ ರೇಡಿಯೋದಲ್ಲಿ, ಏನೂ ಇಲ್ಲ. ಜೋಡಿ ಗವಸು, ಜೋಡಿ ಸಾಲು.”

“ಮತ್ತೆ ಕೊನೇ ಪ್ರಶ್ನೆ?”

“ಅದಕ್ಕೆ ದಿನಾ ಬೇರೆ ಉತ್ತರ. ಯಾರನ್ನ ರೇಗಿಸ್ಬೇಕೋ ಅವ್ರ ಮೇಲೆ. ನಾನು ‘ಇನ್ನೊಂದು ಕೈ ಎಲ್ಲಿದೆ?’ ಅನ್ನೋದು, ಯಾರಾದ್ರೂ ‘ತೆರೇಸಾಳ ಗಂಡನ ಜೇಬಲ್ಲಿದೆ’ ಅನ್ನೋದು. ತೆರೇಸಾ ಮುಖ ಕೆಂಪಗಾಗೋದು. ಮಧ್ಯಾಹ್ನದ ತನಕ ನಗು.”

ನೀವು ಕತ್ತರಿಸುವವರ ಮೇಜಿನಲ್ಲಿದ್ದಿರಂತೆ. ಉದ್ದ ಕತ್ತಿನ ಹುಡುಗ, ಯಾವಾಗಲೂ ಗವಸಿನ ಅಳತೆಯ ಅಚ್ಚಿನ ಕಾಗದದ ಹಿಂಬದಿಯಲ್ಲಿ ಏನೋ ಗೀಚುತ್ತಿದ್ದವನು. ಎಡಗೈಗೆ ಚರ್ಮದ ನುಣುಪು ಮೇಲೆ ಮಾಡಿ ಅಚ್ಚು ಒತ್ತಬೇಕು, ಬಲಗೈಗೆ ಚರ್ಮ ತಿರುವಿ ಹಾಕಬೇಕು. ಒಂದು ಬೆಳಿಗ್ಗೆ ನೀವು ಹಾಡು ಬರೆದುಕೊಳ್ಳುತ್ತಾ ತಿರುವುವುದನ್ನೇ ಮರೆತಿರಿ. ಕಟ್ಟುಗಟ್ಟಲೆ ಎಡಗೈ. ಅಮ್ಮ ಮೊದಲ ಜೊತೆ ಹೊಲಿದು ಮುಗಿಸಿದ ಮೇಲೆ ನೋಡಿಕೊಂಡಳು. ಅವತ್ತಿನ ಉತ್ತರ ನಿಮ್ಮ ಮೇಲಿತ್ತು.

“ಏನಂತ ಹೇಳಿದ್ರಿ ಎಲ್ರೂ?” ಎಂದು ಕೇಳಿದೆ.

“ಅದನ್ನ ನಾನ್ ಹೇಳಲ್ಲ. ಅವನಿಗೆ ಗೊತ್ತಿದೆ, ಅವನೇ ಹೇಳ್ಲಿ.”

ಈಗ ನನ್ನ ಮಾತು. ಟ್ರಾಮಿಲ್ಲ, ಹೆಂಗಸಿಲ್ಲ, ಕೊನೆಯ ನಿಲ್ದಾಣವಿಲ್ಲ. ನಮ್ಮಮ್ಮ ಎಂಟು ಮಕ್ಕಳ ಬಟ್ಟೆ ಒಗೆಯುತ್ತಾ ತನ್ನದೇ ಹಾಡನ್ನು ರೇಡಿಯೋದಲ್ಲಿ ಬೇರೆಯವನ ಹೆಸರಿನಲ್ಲಿ ಕೇಳಿದಳು. ಕೇಳಲಾರದೆ ಕಿವಿ ತಿರುಪಿದಳು. ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ, ನಿಮ್ಮ ಉಳಿದ ಹನ್ನೊಂದು ಹಾಡುಗಳೂ ಈಗ ಬಾಯಲ್ಲಿ ಕಹಿಯಾಗುತ್ತಿವೆ. ಅವೆಲ್ಲ ಯಾರವು?

ಆಲ್ಬಂನ ಹೊದಿಕೆ ಅಚ್ಚಿಗೆ ಹೋಗುವುದು ಜೂನ್ ಹದಿನೈದಕ್ಕೆ. ಅಷ್ಟರೊಳಗೆ ಆ ಹಾಡಿಗೆ ರೊಲಾಂದ್ ಬೆಲಾಂಜೆ ಎಂಬ ಹೆಸರು ಬರಬೇಕು. ಇಲ್ಲವಾದರೆ ಆಲ್ಬಂ ಇಲ್ಲ. ನನಗದು ಬೇಡ.

ಜೊಸಿಯಾನ್ ಲವಾಲೆ

*

ಮಾಂಟ್ರಿಯಲ್, 27 ಮೇ 1991

ದೆಶೆನ್ ಅವರೇ,

ಮೂರು ವಾರವಾಯಿತು. ಅಲ್ಲೀಗ ಮಂಜುಗಡ್ಡೆಯಿಲ್ಲ, ದೋಣಿ ಓಡುತ್ತಿದೆ, ಸಿಗಡಿ ಹಿಡಿಯುವ ಕಾಲ. ಅಂಚೆ ಬರುತ್ತದೆಂದು ನನಗೆ ಗೊತ್ತು. ವಿಚಾರಿಸಿದ್ದೇನೆ.

‘ನನಗದು ಬೇಡ’ ಎಂದು ಬರೆದಿದ್ದೆ. ಸುಳ್ಳು. ನನಗೆ ಈ ಆಲ್ಬಂ ಬೇಕು. ಇದು ಬರದಿದ್ದರೆ ಮುಂದಿನದು ಇಂಗ್ಲಿಷಿನದು, ಅದರ ಮುಂದಿನದೂ. ಆಮೇಲೆ ಆ ಟ್ಯಾಕ್ಸಿಯವನು ಹೇಳಿದ್ದೇ ನಿಜವಾಗುತ್ತದೆ. ದಿನಾ ಸ್ಟುಡಿಯೋಗೆ ಹೋಗುತ್ತೇನೆ, ಕೋಟು ಬಿಚ್ಚದೆ ಅಡ್ಡಾಡುತ್ತೇನೆ, ವಾಪಸು ಬರುತ್ತೇನೆ. ಹಾಡಲು ಆಗುತ್ತಿಲ್ಲ. ಬಾಯಿ ತೆಗೆದರೆ ಹೊಲಿಗೆಯ ಮೆಷಿನ್ನಿನ ಸದ್ದು ಕೇಳುತ್ತದೆ.

ಅಮ್ಮ ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. ನನ್ನ ಊಟದ ಬಗ್ಗೆ ಕೇಳುತ್ತಿದ್ದವಳು ಈಗ ನೇರವಾಗಿ, “ಆ ಹುಡ್ಗ ಬರೆದ್ನಾ?” ಅನ್ನುತ್ತಾಳೆ. ಇಲ್ಲ ಅಂದರೆ ಫೋನ್ ಇಟ್ಟುಬಿಡುತ್ತಾಳೆ. ಮೊನ್ನೆ, “ನನ್ ಬಾಯಿ ಸ್ವಲ್ಪ ಜಾಸ್ತಿನೇ ಇತ್ತು ಆಗ,” ಅಂದಳು. ಯಾಕೆ ಹಾಗಂದಳೋ. ಕಳ್ಳತನ ಮಾಡಿದವರು ನೀವು, ಅವಳ ದನಿ ಯಾಕೆ ಸಣ್ಣಗಾಗಬೇಕು?

ಬರೆಯಿರಿ. ಬೈದಾದರೂ ಬರೆಯಿರಿ.

ಜೊಸಿಯಾನ್

*

ಹಾವ್ರ್-ಓಬೇರ್, 3 ಜೂನ್ 1991

ಜೊಸಿಯಾನ್,

ಏಳು ಕಾಗದ ಬರೆದೆ. ಏಳೂ ಒಲೆಗೆ ಹೋದವು. ಅವುಗಳಲ್ಲೆಲ್ಲ ನಾನು ತುಂಬಾ ಒಳ್ಳೆಯವನಾಗಿದ್ದೆ. ಇದು ಎಂಟನೆಯದು.

ನಿನ್ನ ತಾಯಿ ಹೇಳಿದ್ದೆಲ್ಲ ನಿಜ. ಹಾಡು ಅವಳದು. ಟ್ರಾಮಿನ ಕಥೆಯನ್ನು ಒಬ್ಬ ಪತ್ರಕರ್ತನ ಕಾಟ ತಾಳಲಾರದೆ ಹೇಳಿದೆ. ಆಮೇಲೆ ಅದನ್ನು ಹೇಳುತ್ತಾ ಹೇಳುತ್ತಾ ನಾನೇ ನಂಬಿದೆ. ಆ ಹೆಂಗಸಿನ ಟೋಪಿಯ ಬಣ್ಣವೂ ನನಗೆ ಗೊತ್ತಿದೆ, ನೋಡು! ಉಳಿದ ಹನ್ನೊಂದು ನನ್ನವೇ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಅವು ಅಷ್ಟು ಚೆನ್ನಾಗಿಲ್ಲ ಎಂಬುದೇ ಸಾಕ್ಷಿ.

ಆ ದಿನ ಏನಾಯಿತೆಂದು ಯಾರಿಗೂ ಹೇಳಿಲ್ಲ. ನನಗಾಗ ಇಪ್ಪತ್ತೆರಡು. ನನ್ನಪ್ಪ ಆ ಮೇಜಿನಲ್ಲೇ ಮೂವತ್ತು ವರ್ಷ ಚರ್ಮ ಕತ್ತರಿಸಿದವನು, ಒಂದು ತುಂಡು ಹಾಳು ಮಾಡಿದವನಲ್ಲ. ಅವನು ಸತ್ತ ಮೇಲೆ ಅವನ ಜಾಗ ನನಗೆ ಕೊಟ್ಟಿದ್ದರು. ನಾನು ಬೆಳಗಿನಿಂದ ಕತ್ತರಿಸಿದ್ದೆಲ್ಲ ಎಡಗೈ. ರೊಲಾಂದ್ ಎದ್ದು ನಿಂತಳು. ಹೊಲಿದ ಜೊತೆಯನ್ನು ನನ್ನ ಎದೆಗೆ ಎಸೆದಳು. ಹಾಡು ಅಲ್ಲಿಗೇ ಬಂದಿತ್ತು. ಅವಳು ಕೇಳಿದಳು:

ಒಂದು ಕೈ ಬೆಚ್ಚಗಿದೆ,
ಹೊರಗೆ ಹಿಮ ಸುರೀತಿದೆ,
ಇನ್ನೊಂದು ಕೈ ಎಲ್ಲಿದೆ?

ಉತ್ತರವನ್ನೂ ಅವಳೇ ಹೇಳಿದಳು. ನಲವತ್ತು ಹೆಂಗಸರು ಅದನ್ನು ಹಿಂದಿರುಗಿಸಿ ಹೇಳಿದರು. ಮೆಷಿನ್ನುಗಳು ನಿಂತವು:

ಅದೂ ಎಡಗೈಯೇ ರಾಜಾ, ತಿರುವಿ ಹಾಕೋ!

ಮೇಸ್ತ್ರಿ ತಲೆಯೆತ್ತಿದ. ನನ್ನ ಕಡೆ ಬರತೊಡಗಿದ. ಅವನು ಬಾಯಿ ತೆರೆದು ಹೇಳುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಏಪ್ರನ್ ಮೊಳೆಗೆ ಸಿಕ್ಕಿಸಿ ಹಿಂದಿನ ಬಾಗಿಲಿಂದ ಹೊರಟೆ. ನೇರ ರೈಲು ನಿಲ್ದಾಣಕ್ಕೆ. ಅಮ್ಮನಿಗೂ ಹೇಳಲಿಲ್ಲ. ರೈಲಿನಲ್ಲಿ ಆ ಹಾಡು ತಲೆಯಿಂದ ಹೋಗಲೊಲ್ಲದು. ನಾನು ಅಳುತ್ತಿದ್ದೆ, ಹಾಗಾಗಿ ಹಾಡೂ ಅಳುವ ಹಾಡಾಯಿತು. ನನ್ನನ್ನು ಅಣಕಿಸಿದ ಆ ಒಂದು ಸಾಲನ್ನು ಕಿತ್ತುಹಾಕಿದೆ. ಉಳಿದದ್ದನ್ನು ಮಾಂಟ್ರಿಯಲ್‌ನಲ್ಲಿ ಹಾಡಿಸಿದೆ. ಜನ ಆ ಮೌನಕ್ಕೆ ಮೆಚ್ಚಿ ತಲೆದೂಗಿದರು.

ಮೂವತ್ತೆಂಟು ವರ್ಷ, ಜೊಸಿಯಾನ್. ಯಾರು ಎಲ್ಲಿ ಹಾಡಿದರೂ ಆ ಮೌನದಲ್ಲಿ ನನಗೆ ನಲವತ್ತು ಹೆಂಗಸರು ನಗುವುದು ಕೇಳುತ್ತದೆ. ದ್ವೀಪಕ್ಕೆ ಬಂದದ್ದೂ ಅದಕ್ಕೇ, ಫೋನು ಹಾಕಿಸದಿರುವುದೂ ಅದಕ್ಕೇ. ಹಾಡು ದಣಿದಿದೆ ಎಂದೆನಲ್ಲ, ದಣಿದವನು ನಾನು. ನಿನ್ನ ಕ್ಯಾಸೆಟ್ಟಿನಲ್ಲಿ ಮೊದಲ ಸಲ ನಗು ಕೇಳಿಸಲಿಲ್ಲ. ಅದಕ್ಕೇ ಒಪ್ಪಿದೆ. ಆಮೇಲೆ ನಿನ್ನ ಈಸ್ಟರ್ ಕಾಗದ ಬಂತು. ಅದರಲ್ಲಿ ಅದೇ ನಗು ಇತ್ತು.

ಹಾಡುಗಳ ಹಕ್ಕು ನೋಡಿಕೊಳ್ಳುವ ಕಚೇರಿಗೆ ಬರೆದ ಕಾಗದದ ಪ್ರತಿ ಇದರಲ್ಲಿದೆ, ನನ್ನ ಸಹಿ ಇದೆ. ರೊಲಾಂದ್ ಬೆಲಾಂಜೆ, ಪದ ಮತ್ತು ಧಾಟಿ. ನನ್ನ ಹೆಸರು ತೆಗೆದಿದ್ದೇನೆ. ಪೊಟ್ಟಣದಲ್ಲಿ ಅವಳು ಎಸೆದ ಜೊತೆ ಇದೆ. ಅಂದಿನಿಂದ ನನ್ನ ಬಳಿಯೇ ಇತ್ತು. ಎರಡೂ ಎಡಗೈ, ಯಾರಿಗೂ ಉಪಯೋಗವಿಲ್ಲ. ಅವಳ ಹೊಲಿಗೆ, ಅವಳಿಗೇ ಸೇರಲಿ. ಬೇಕಾದರೆ ಇನ್ನೊಂದು ಸಲ ನಗಲಿ.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ, ನಿನ್ನನ್ನೂ, ಅವಳನ್ನೂ.

ಫ್ಲೊರಿಯಾನ್

*

ಶಾವಿನಿಗನ್, 24 ಜೂನ್ 1991, ಸಂತ ಜಾನ್ ಹಬ್ಬ

ಪ್ರೀತಿಯ ಫ್ಲೊರಿಯಾನ್,

ಹೊರಗೆ ಕ್ವಿಬೆಕ್ಕಿನ ನೀಲಿ ಬಾವುಟಗಳು, ಬೀದಿ ತುಂಬಾ ಅಕಾರ್ಡಿಯನ್. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಹೌದು, ಕೂತು.

ನಿಮ್ಮ ಪೊಟ್ಟಣವನ್ನು ಹತ್ತನೇ ತಾರೀಖು ಅಮ್ಮನಿಗೆ ಕೊಟ್ಟೆ. ಕಾಗದ ಓದಿ ಹೇಳಿದೆ. ಆ ಸಾಲು ಬಂದಾಗ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಗವಸುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಕೈಯಲ್ಲಿ ಸವರಿದಳು.

“ಅಣಕಿಸಿದ್ವಿ ಅಂದ್ಕೊಂಡ್ನಾ?” ಅಂದಳು.

“ಅಣಕವೇ ತಾನೇ?”

“ಅಣಕಾನೂ ಹೌದು. ಆದ್ರೆ ಉಪಾಯಾನೂ ಹೇಳಿದ್ದೆ ಕಣೇ. ತಿರುವಿ ಹಾಕೋ ಅಂತ ನಾನೇ ಅಂದ್ನಲ್ಲ! ಪೆದ್ದು. ಕತ್ತರಿಸೋ ಮನೇಲಿ ಹುಟ್ದೋನು, ಹೊಲಿಗೆ ಬಗ್ಗೆ ಒಂದ್ ಚೂರೂ ಗೊತ್ತಿಲ್ಲ.”

ಒಂದು ಗವಸನ್ನು ಎತ್ತಿಕೊಂಡು ಒಳಗೆ ಕೈಹಾಕಿದಳು. ಬೆರಳು ಬೆರಳಾಗಿ ಒಳಹೊರಗು ಮಾಡಿದಳು, ಮೊಲದ ಚರ್ಮ ಸುಲಿಯುವ ಹಾಗೆ. ಆಮೇಲೆ ಅದನ್ನು ಬಲಗೈಗೆ ಹಾಕಿಕೊಂಡಳು. ಸರಿಯಾಗಿ ಕೂತಿತು. ಹೊಲಿಗೆ ಹೊರಗೆ ಕಾಣುತ್ತದೆ, ದೊರಗು ಮೇಲಿರುತ್ತದೆ, ಅಷ್ಟೇ. ಇನ್ನೊಂದನ್ನು ಎಡಗೈಗೆ ಹಾಕಿಕೊಂಡು ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು.

“ಆ ಕಟ್ಟನ್ನೆಲ್ಲ ಹಿಂಗೇ ಹೊಲಿದ್ವಿ. ಅರ್ಧ ನುಣುಪು ಮೇಲೆ, ಅರ್ಧ ದೊರಗು ಮೇಲೆ. ಮರ ಕಡಿಯೋರು ತಗೊಂಡ್ರು, ಅವ್ರಿಗೇನ್ ಸೊಗಸು ಬೇಕಾ? ಒಂದ್ ತುಂಡೂ ಹಾಳಾಗ್ಲಿಲ್ಲ. ಮೇಸ್ತ್ರಿ ಅದನ್ನ ಹೇಳೋಕೇ ಬರ್ತಿದ್ದ, ಇವ್ನು ಓಡೋದ.”

ಇಷ್ಟು ಹೇಳಿ ಗವಸು ಹಾಕಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ನಾನು ಅಪ್ಪ ಸತ್ತ ದಿನ ಬಿಟ್ಟರೆ ನೋಡಿಲ್ಲ. ಅವಳು ರೇಡಿಯೋದ ಕಿವಿ ತಿರುಪುತ್ತಿದ್ದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲವಂತೆ. ತನ್ನ ಬಾಯಿಂದ ಒಬ್ಬ ಹುಡುಗ ಅಪ್ಪನ ಜಾಗ ಕಳೆದುಕೊಂಡ ಎಂದು. ನಾನು ಎಷ್ಟು ವರ್ಷ ಅವಳ ಮಗಳಾಗಿದ್ದೇನೆ, ಒಂದು ಸಲವೂ ಯಾಕೆಂದು ಕೇಳಿರಲಿಲ್ಲ.

ನಿಮ್ಮ ಸಹಿಯ ಕಾಗದಕ್ಕೆ ಅವಳು ಒಪ್ಪಲಿಲ್ಲ. “ನಾನೊಬ್ಳೇ ಹೇಳಿದ್ನಾ? ಸಾಲಿನೋರು ವಾಪಸ್ ಹೇಳದಿದ್ರೆ ಅದ್ಯಾವ ಹಾಡು?” ಎಂದು ಎರಡು ದಿನ ಜಗಳವಾಡಿದಳು. ಕೊನೆಗೆ ಅವಳು ಹೇಳಿದ್ದೇ ಆಯಿತು. ಹದಿನೈದಕ್ಕೆ ಹೊದಿಕೆ ಅಚ್ಚಿಗೆ ಹೋಗಿದೆ. ಹನ್ನೆರಡನೆಯ ಹಾಡಿನ ಕೆಳಗೆ ಹೀಗಿದೆ: ‘ಹೊಲಿದವರು: ರೊಲಾಂದ್ ಬೆಲಾಂಜೆ ಮತ್ತು ಎರಡನೇ ಸಾಲಿನ ಹೆಂಗಸರು. ಕತ್ತರಿಸಿದವನು: ಫ್ಲೊರಿಯಾನ್ ದೆಶೆನ್.’ ಮ್ಯಾನೇಜರ್ ತಲೆ ಚಚ್ಚಿಕೊಂಡರು. ಹಕ್ಕಿನ ಕಚೇರಿಯವರಿಗೆ ಅರ್ಥ ಮಾಡಿಸುವ ಹೊಣೆ ಅವರದೇ.

ಹಾಡನ್ನು ಮತ್ತೆ ರೆಕಾರ್ಡ್ ಮಾಡಿದೆವು. ಎರಡನೇ ಸಾಲಿನಲ್ಲಿ ಅಮ್ಮನನ್ನು ಬಿಟ್ಟು ಇನ್ನೂ ಬದುಕಿರುವವರು ಆರು ಮಂದಿ. ಎಲ್ಲರೂ ಬಸ್ಸಿನಲ್ಲಿ ಮಾಂಟ್ರಿಯಲ್‌ಗೆ ಬಂದರು. ತೆರೇಸಾಗೆ ಊರುಗೋಲು, ಬಾಯಿ ಮಾತ್ರ ಹಾಗೇ ಇದೆ. ಕಿವಿಗೆ ಹೆಡ್‌ಫೋನ್ ಹಾಕಲು ಹೋದರೆ ಅಮ್ಮ, “ಕಿವಿಗೆ ಬಟ್ಲು ಮುಚ್ಕೊಂಡು ಯಾರ್ ಹಾಡ್ತಾರೆ?” ಎಂದು ತೆಗೆದಿಟ್ಟಳು. ನಾನು ಮೊದಲಿನ ಹಾಗೇ, ಅಳುವ ಹಾಗೇ ಹಾಡಿದೆ. ನೀವು ರೈಲಿನಲ್ಲಿ ಹಾಡಿದ್ದೂ ಸುಳ್ಳಲ್ಲವಲ್ಲ. ಕೊನೆಯ ಪ್ರಶ್ನೆ ಕೇಳಿ ಸುಮ್ಮನಾದೆ. ಆ ಮೌನದಲ್ಲಿ ಏಳು ಮುದುಕಿಯರು ಉತ್ತರ ಹೇಳಿದರು. ನೀವು ಅದನ್ನು ಕೇಳಬೇಕು. ಈ ಸಲ ಕ್ಯಾಸೆಟ್ ಕಳಿಸುವುದಿಲ್ಲ, ಬಂದು ಕೇಳಿ.

ಗವಸುಗಳನ್ನು ವಾಪಸು ಕಳಿಸುತ್ತಿದ್ದೇನೆ. ಒಂದನ್ನು ಅಮ್ಮ ತಿರುವಿದ್ದಾಳೆ. ಹಾಕಿಕೊಂಡು ನೋಡಿ. ಕೆಳಗೆ ಅವಳೇ ನಾಲ್ಕು ಸಾಲು ಬರೆದಿದ್ದಾಳೆ, ನನಗೆ ಓದಲು ಬಿಟ್ಟಿಲ್ಲ.

ನಿಮ್ಮ ಜೊಸಿಯಾನ್

ಫ್ಲೊರಿಯಾನ್,

ನನಗೆ ಬರೆದು ಅಭ್ಯಾಸ ಇಲ್ಲ. ಅವತ್ತು ನಿನ್ನ ಹಿಂದೆ ಹಿಂಬಾಗಿಲ ತನಕ ಓಡಿಬಂದೆ. ನೀನಾಗಲೇ ಸೇತುವೆ ಮೇಲಿದ್ದೆ. ಏನೂ ಆಗಿಲ್ಲ ಬಾ ಅಂತ ಕೂಗಿದೆ, ಜಲಪಾತದ ಸದ್ದಿಗೆ ನಿನಗೆ ಕೇಳಲಿಲ್ಲ ಅಂತ ಕಾಣುತ್ತೆ. ನಿನ್ನ ಏಪ್ರನ್ನು ಯಾರೂ ಮುಟ್ಟಬಾರದು ಅಂತ ಮೇಸ್ತ್ರಿ ಹೇಳಿದ್ದ. ಆ ವರ್ಷದ ಈಸ್ಟರ್ ತನಕ ಅದೇ ಮೊಳೇಲಿ ಇತ್ತು.

ರೊಲಾಂದ್